ಹೊಸ ಪಾದರಕ್ಷೆಯಿಂದ ಪಾದದ ರಕ್ಷಣೆ

ನವೆಂಬರ್ ತಿಂಗಳ ಒಂದು ಸಂಜೆ. ರಾಜ್ಯೋತ್ಸವದ ಕಾರ್ಯಕ್ರಮಕ್ಕೆಂದು ದೆಹಲಿಯ ನಾನಾ ಬಡಾವಣೆಗಳಿಂದ, ನೋಯ್ಡಾ, ಗುರುಗ್ರಾಮ, ಫರೀದಾಬಾದುಗಳಿಂದ ಕನ್ನಡಿಗರು ರಾವ್ ತುಲಾರಾಮ್ ಮಾರ್ಗದಲ್ಲಿರುವ ಕರ್ನಾಟಕ ಸಂಘದ ಕಟ್ಟಡದತ್ತ ಬರುತ್ತಿರುತ್ತಾರೆ. ಮೆಟ್ರೋದ ಸರ್ ವಿಶ್ವೇಶ್ವರಯ್ಯ ಮೋತಿಬಾಗ್ ನಿಲ್ದಾಣದಲ್ಲಿಳಿದು ನಡೆದುಬರುವವರ ನಡುವೆ, ಮೈಸೂರು ರೇಷ್ಮೆಯುಟ್ಟು, ಮುಡಿಗೆ ಹೂವಿಟ್ಟು, ಒಂದು ಕಾಲನ್ನು ಮೆಲ್ಲಗೆ ಎಳೆದುಕೊಂಡು ಬರುವ ಗೃಹಿಣಿಯೊಬ್ಬರಾದರೂ ಕಣ್ಣಿಗೆ ಬೀಳದಿರುವುದಿಲ್ಲ. ಏನಾಯಿತೆಂದು ಯಾರಾದರೂ ವಿಚಾರಿಸಿದರೆ, "ಏನಿಲ್ಲ ಕಣ್ರೀ, ಹೊಸ ಚಪ್ಪಲಿ, ಕಚ್ಚುತ್ತಾ ಇದೆ" ಎಂಬ ನಗುಮೊಗದ ಉತ್ತರ ಬರುತ್ತದೆ. ಸಭಾಂಗಣವನ್ನು ಸೇರುವ ಹೊತ್ತಿಗೆ ಆ ನಗು ಮಾಯವಾಗಿರುತ್ತದೆ. ಮರಳುವಾಗ ಚಪ್ಪಲಿ ಕೈಗೆ ಬಂದಿರುತ್ತದೆ.

ಕನ್ನಡದಲ್ಲಿ ನಾಯಿ ಕಚ್ಚುತ್ತದೆ, ಹಾವು ಕಚ್ಚುತ್ತದೆ, ಹೊಸ ಚಪ್ಪಲಿಯೂ ಕಚ್ಚುತ್ತದೆ. ಮೊದಲೆರಡು ಕಚ್ಚಿದಾಗ ಜನ ವೈದ್ಯರ ಬಳಿಗೆ ಓಡುತ್ತಾರೆ. ಮೂರನೆಯದನ್ನು ನಕ್ಕು ಮರೆಯುತ್ತಾರೆ. ಬಹುಪಾಲು ಜನರಿಗೆ ಇದರಿಂದ ಹಾನಿಯೇನೂ ಇಲ್ಲ. ನಾಲ್ಕಾರು ದಿನಗಳಲ್ಲಿ ಗಾಯ ಮಾಯುತ್ತದೆ. ಆದರೆ ಎಲ್ಲರ ಪಾಲಿಗೂ ಈ ಮಾತು ನಿಜವಲ್ಲ. ಪಾದವನ್ನು ರಕ್ಷಿಸಬೇಕಾದ ವಸ್ತುವೇ ಪಾದಕ್ಕೆ ಮುಳುವಾಗುವ ಸಂದರ್ಭಗಳುಂಟು. ಆದುದರಿಂದ ಹೊಸ ಚಪ್ಪಲಿಯನ್ನು ಕಾಲಿಗೆ ಹೊಂದಿಸಿಕೊಳ್ಳುವ ಕ್ರಮವೇನು, ಯಾರು ಈ ವಿಷಯದಲ್ಲಿ ವಿಶೇಷ ಎಚ್ಚರದಿಂದಿರಬೇಕು ಎಂಬುದನ್ನು ತಿಳಿದಿರುವುದು ಒಳ್ಳೆಯದು.

ಪಾದರಕ್ಷೆಯ ವಿಚಾರ ವೈದ್ಯಶಾಸ್ತ್ರಕ್ಕೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ದಿನಚರಿಯನ್ನು ಹೇಳುವಾಗ, ಪಾದಕ್ಕೆ ಎಣ್ಣೆ ತಿಕ್ಕಿಕೊಳ್ಳುವುದರ ಜೊತೆಗೆ ಪಾದರಕ್ಷೆ ಧರಿಸುವುದನ್ನೂ ಆರೋಗ್ಯಕರವಾದ ಆಚರಣೆಗಳ ಸಾಲಿಗೆ ಸೇರಿಸಲಾಗಿದೆ.

ಕಚ್ಚುವುದೆಂದರೇನು?

ಚಪ್ಪಲಿ ಕಚ್ಚಿದ ಜಾಗದಲ್ಲಿ ಚರ್ಮವು ಮೇಲಿನಿಂದ ಕೆರೆದುಹೋಗುತ್ತದೆ ಎಂಬುದು ಸಾಮಾನ್ಯ ತಿಳಿವಳಿಕೆ. ಮೇಲ್ಪಾದದಂತಹ ತೆಳುಚರ್ಮದ ಭಾಗಗಳಲ್ಲಿ ಹೀಗಾಗುವುದು ನಿಜ. ಆದರೆ ಹಿಮ್ಮಡಿ, ಬೆರಳ ಪಕ್ಕ, ಅಂಗಾಲು ಮುಂತಾದ ದಪ್ಪಚರ್ಮದ ಕಡೆ ನಡೆಯುವುದು ಬೇರೆಯೇ ಕ್ರಿಯೆ. ಹೆಜ್ಜೆಯಿಡುವಾಗ ಚರ್ಮದ ಮೇಲ್ಪದರವು ತೊಗಲ ಪಟ್ಟಿಗೆ ಅಂಟಿಕೊಂಡು ನಿಲ್ಲುತ್ತದೆ. ಒಳಗಿನ ಎಲುಬು ಮಾತ್ರ ಮುಂದಕ್ಕೆ ಸರಿಯುತ್ತದೆ. ಇವೆರಡರ ನಡುವಿನ ಪದರಗಳು ಹೆಜ್ಜೆಹೆಜ್ಜೆಗೂ ಅತ್ತಿತ್ತ ಜಗ್ಗಲ್ಪಡುತ್ತವೆ. ಈ ಜಗ್ಗಾಟ ಮಿತಿಮೀರಿದಾಗ ಹೊರಚರ್ಮದ ಒಳಭಾಗದಲ್ಲಿ ಜೀವಕೋಶಗಳು ಒಂದರಿಂದೊಂದು ಬಿಡಿಸಿಕೊಂಡು ಸೀಳು ಉಂಟಾಗುತ್ತದೆ. ಆ ಸೀಳಿನೊಳಗೆ ತಿಳಿಯಾದ ದ್ರವ ತುಂಬಿಕೊಳ್ಳುತ್ತದೆ. ಇದೇ ನೀರುಗುಳ್ಳೆ ಅಥವಾ ಬೊಕ್ಕೆ. ಎಂದರೆ ಗುಳ್ಳೆಯ ಮೇಲ್ಚರ್ಮ ಹರಿದಿರುವುದಿಲ್ಲ. ಹರಿದಿರುವುದು ಅದರ ಕೆಳಗಿನ ಪದರ.

೧೯೫೫ರಲ್ಲಿ ಬ್ರಿಟನ್ನಿನ ನೇಯ್ಲರ್ ಎಂಬ ವಿಜ್ಞಾನಿ ಉಜ್ಜುವಿಕೆಯಿಂದ ಗುಳ್ಳೆ ಏಳುವ ಬಗೆಯನ್ನು ಪ್ರಯೋಗಗಳ ಮೂಲಕ ಪರೀಕ್ಷಿಸಿದರು. ಒಣಚರ್ಮಕ್ಕಿಂತ ಬೆವರಿನಿಂದ ತುಸು ತೇವಗೊಂಡ ಚರ್ಮದ ಮೇಲೆ ಘರ್ಷಣೆ ಹೆಚ್ಚು ಎಂಬುದು ಆ ಬಗೆಯ ಪ್ರಯೋಗಗಳಿಂದ ಸ್ಪಷ್ಟವಾಗಿದೆ. ಬೇಸಿಗೆಯಲ್ಲಿ ಹೊಸ ಚಪ್ಪಲಿ ಬೇಗನೆ ಕಚ್ಚುವುದಕ್ಕೆ ಇದೂ ಒಂದು ಕಾರಣ.

ಎಣಿಕೆಯ ದೃಷ್ಟಿಯಿಂದ ನೋಡಿದರೆ ವಿಷಯ ಇನ್ನೂ ಸುಲಭವಾಗಿ ಮನದಟ್ಟಾಗುತ್ತದೆ. ಒಂದು ಕಿಲೋಮೀಟರ್ ನಡೆಯಲು ಸುಮಾರು ೧,೩೦೦ರಿಂದ ೧,೫೦೦ ಹೆಜ್ಜೆಗಳು ಬೇಕು. ಎಂದರೆ ಒಂದೊಂದು ಪಾದದ ಒಂದೇ ಬಿಂದುವಿನ ಮೇಲೆ ಗಡಸು ತೊಗಲು ಆರುನೂರೈವತ್ತು ಸಲವಾದರೂ ಉಜ್ಜುತ್ತದೆ. ಒಂದು ಉಜ್ಜುವಿಕೆ ಲೆಕ್ಕಕ್ಕಿಲ್ಲ. ಅದು ಬಿಡುವಿಲ್ಲದೆ ಮರಳಿ ಮರಳಿ ಬರುವುದೇ ಕೇಡು. ಅದೇ ಉಜ್ಜುವಿಕೆ ದಿನಕ್ಕೆ ಸ್ವಲ್ಪಸ್ವಲ್ಪವಾಗಿ, ನಡುವೆ ಬಿಡುವು ಕೊಟ್ಟು ಬಂದರೆ ಚರ್ಮವು ಆ ಭಾಗದಲ್ಲಿ ತನ್ನ ಮೇಲ್ಪದರವನ್ನು ದಪ್ಪಗೊಳಿಸಿಕೊಂಡು ತಡೆದುಕೊಳ್ಳುತ್ತದೆ. ಹೊಸ ಚಪ್ಪಲಿಯನ್ನು ಪಳಗಿಸುವ ಉಪಾಯವೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿದೆ.

ಗುಳ್ಳೆ ಏಳುವುದಕ್ಕೆ ಮುಂಚೆ ಪಾದವು ಸೂಚನೆ ಕೊಡುತ್ತದೆ. ಮೊದಲು ಆ ಜಾಗದಲ್ಲಿ ಕಾವೇರಿದಂತೆ ತೋರುತ್ತದೆ, ಬಳಿಕ ಚುರುಗುಟ್ಟುತ್ತದೆ, ಚಪ್ಪಲಿ ಕಳಚಿ ನೋಡಿದರೆ ಕೆಂಪಾಗಿರುತ್ತದೆ. ಈ ಹಂತದಲ್ಲಿ ನಿಲ್ಲಿಸಿದವರಿಗೆ ಗುಳ್ಳೆ ಏಳುವುದಿಲ್ಲ. "ಇನ್ನು ಹತ್ತು ಹೆಜ್ಜೆ, ಮನೆ ಬಂದೇಬಿಟ್ಟಿತು" ಎಂದು ಮುಂದುವರಿದವರಿಗೆ ಏಳುತ್ತದೆ.

ತೊಗಲಿನ ಸ್ವಭಾವ

ಹಸಿಚರ್ಮವು ಕೊಳೆಯದಂತೆ, ಒಣಗಿ ಮುರಿಯದಂತೆ ಮಾಡುವ ಸಂಸ್ಕಾರಕ್ಕೆ ಹದಮಾಡುವುದು ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ವಿಧ. ಒಂದು, ಜಾಲಿಯ ತೊಗಟೆ, ಅಳಲೆಕಾಯಿ ಮುಂತಾದ ಒಗರು ಪದಾರ್ಥಗಳಿಂದ ಮಾಡುವ ಹಳೆಯ ಹದ. ಇನ್ನೊಂದು, ಕ್ರೋಮಿಯಂ ಲವಣಗಳಿಂದ ಮಾಡುವ ಹದ. ಎರಡನೆಯದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇದನ್ನು ಮದರಾಸಿನಲ್ಲಿ ಬಳಕೆಗೆ ತರಲು ಶ್ರಮಿಸಿದ ಆಲ್ಫ್ರೆಡ್ ಚಾಟರ್ಟನ್ ಅವರೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಸ್ಥರಾಗಿ ಬಂದರು.

ಕ್ರೋಮ್ ಹದದ ತೊಗಲು ಮೃದು. ಕಾಲಿಗೆ ಬೇಗ ಒಗ್ಗುತ್ತದೆ. ತೊಗಟೆಯ ಹದದ ತೊಗಲು ಮೊದಮೊದಲು ಗಡಸು. ಆದರೆ ಬೆವರನ್ನು ಹೀರಿಕೊಳ್ಳುತ್ತದೆ. ಕಾಲಿನ ಬಿಸಿ, ತೇವ, ಭಾರ ಈ ಮೂರೂ ಸೇರಿ ಅದನ್ನು ನಿಧಾನವಾಗಿ ಬಾಗಿಸುತ್ತವೆ. ಒಮ್ಮೆ ಪಾದದ ಆಕಾರ ಪಡೆದ ಮೇಲೆ ಅದು ಆ ಆಕಾರವನ್ನು ಉಳಿಸಿಕೊಳ್ಳುತ್ತದೆ. ಹಳೆಯ ತೊಗಲ ಚಪ್ಪಲಿಯ ಅಟ್ಟೆಯ ಮೇಲೆ ಯಜಮಾನನ ಐದು ಬೆರಳುಗಳ ಗುರುತು ಅಚ್ಚೊತ್ತಿದಂತೆ ಕಾಣುವುದು ಇದರಿಂದಲೇ.

ಕೊಲ್ಹಾಪುರಿ ಚಪ್ಪಲಿ ಇದಕ್ಕೆ ಒಳ್ಳೆಯ ಉದಾಹರಣೆ. ಹೆಸರು ಕೊಲ್ಹಾಪುರದ್ದಾದರೂ ಈ ಚಪ್ಪಲಿಯ ಒಂದು ದೊಡ್ಡ ನೆಲೆ ಕನ್ನಡನಾಡು. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿಗಳ ಕಡೆ ತಲೆಮಾರುಗಳಿಂದ ಈ ಕಸುಬು ನಡೆದುಬಂದಿದೆ. ಅಟ್ಟೆಯ ಪದರಗಳನ್ನು ಮೊಳೆಯಿಲ್ಲದೆ ತೊಗಲ ದಾರದಿಂದಲೇ ಹೊಲಿಯುವುದು ಇದರ ಸಂಪ್ರದಾಯ. ಪಟ್ಟಿಯ ಮೇಲಿನ ಹೆಣಿಗೆಯ ಕೆಲಸ ಬಹಳಮಟ್ಟಿಗೆ ಹೆಂಗಸರದು. ೨೦೧೯ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳೊಡನೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿದವು.

ಈ ಕಸುಬನ್ನು ಕನ್ನಡ ಸಂಸ್ಕೃತಿ ಕೀಳೆಂದು ಎಣಿಸಬಾರದೆಂಬುದಕ್ಕೆ ಹನ್ನೆರಡನೆಯ ಶತಮಾನದ ಶರಣ ಹರಳಯ್ಯನ ಕಥೆಯೇ ಸಾಕ್ಷಿ. ಹರಳಯ್ಯ ಮತ್ತು ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿ ಬಸವಣ್ಣನವರಿಗೆ ಅರ್ಪಿಸಿದರೆಂದೂ, ಅವನ್ನು ಮೆಟ್ಟಲು ತಾನು ಯೋಗ್ಯನಲ್ಲವೆಂದು ಬಸವಣ್ಣನವರು ತಲೆಯ ಮೇಲೆ ಹೊತ್ತುಕೊಂಡರೆಂದೂ ಪರಂಪರೆ ಹೇಳುತ್ತದೆ.

೨೦೨೫ರ ಜೂನ್ ತಿಂಗಳಿನಲ್ಲಿ ಇಟಲಿಯ ಪ್ರಾಡಾ ಸಂಸ್ಥೆಯು ಮಿಲಾನ್ ನಗರದ ತನ್ನ ಪ್ರದರ್ಶನದಲ್ಲಿ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಗಳನ್ನು, ಮೂಲವನ್ನು ಹೆಸರಿಸದೆ, ತೋರಿಸಿತು. ಭಾರತದಲ್ಲಿ ಆಕ್ಷೇಪಣೆ ಎದ್ದ ಮೇಲೆ ಮೂಲವನ್ನು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರಿನಲ್ಲಿ, ೧೯೭೬ರಲ್ಲಿ ಸ್ಥಾಪಿತವಾದ ಕರ್ನಾಟಕದ ಚರ್ಮ ಕೈಗಾರಿಕಾ ನಿಗಮವಾದ ಲಿಡ್ಕರ್ ಮತ್ತು ಮಹಾರಾಷ್ಟ್ರದ ಲಿಡ್ಕಾಮ್ ಇವೆರಡರೊಡನೆ ಒಪ್ಪಂದ ಮಾಡಿಕೊಂಡಿತು. ಇಲ್ಲಿನ ಕುಶಲಕರ್ಮಿಗಳಿಂದ ತಯಾರಾಗುವ ಆ ಚಪ್ಪಲಿಯ ಜೋಡಿಯೊಂದಕ್ಕೆ ಗೊತ್ತುಪಡಿಸಿದ ಬೆಲೆ ಸುಮಾರು ೮೦೦ ಯೂರೋ!

ಬೆಲೆ ಎಷ್ಟೇ ಇರಲಿ, ತೊಗಲಿನ ನಿಯಮ ಒಂದೇ. ಐ.ಎನ್.ಎ.ಯ ದಿಲ್ಲಿ ಹಾಟ್‌ನಲ್ಲಿ ಕೊಂಡದ್ದಾಗಲಿ, ಜನಪಥದ ಬೀದಿಯಲ್ಲಿ ಕೊಂಡದ್ದಾಗಲಿ, ಮಾಲ್‌ನ ಗಾಜಿನ ಕಪಾಟಿನಿಂದ ಹೊರಬಂದದ್ದಾಗಲಿ, ಹೊಸ ಪಟ್ಟಿಯ ಅಂಚು ಗಡಸಾಗಿದ್ದರೆ ಅದು ಕಚ್ಚಿಯೇ ಕಚ್ಚುತ್ತದೆ. "ಇಷ್ಟು ಹಣ ಕೊಟ್ಟಿದ್ದೇವೆ, ಇದು ಕಚ್ಚಲಾರದು" ಎಂಬ ನಂಬಿಕೆ ಸಲ್ಲದು. ದುಬಾರಿ ಚಪ್ಪಲಿಗಳಲ್ಲಿ ಅಂಚಿಗೆ ಬಳಿದ ಬಣ್ಣದ ಲೇಪ, ಮಡಿಸಿ ಹೊಲಿದ ದಪ್ಪ ಹೊಲಿಗೆ, ಲೋಹದ ಅಲಂಕಾರ ಇವು ಕೆಲವೊಮ್ಮೆ ಸಾದಾ ಚಪ್ಪಲಿಗಿಂತ ಹೆಚ್ಚು ಒತ್ತುತ್ತವೆ.

ಒಂದು ವ್ಯತ್ಯಾಸವನ್ನು ಗಮನಿಸಬೇಕು. ನೋವಿಗಿಂತ ತುರಿಕೆ ಹೆಚ್ಚಾಗಿದ್ದು, ಎರಡೂ ಪಾದಗಳ ಮೇಲೆ ಪಟ್ಟಿಯ ಆಕಾರದಲ್ಲೇ ಕೆಂಪು ಗುರುತು ಮೂಡಿದರೆ ಅದು ಕಚ್ಚಿದ್ದಲ್ಲ. ತೊಗಲಿನಲ್ಲಿ ಉಳಿದ ಕ್ರೋಮಿಯಂ, ಅಂಟು ಅಥವಾ ರಬ್ಬರಿನ ರಾಸಾಯನಿಕ ಚರ್ಮಕ್ಕೆ ಒಗ್ಗದಿರುವ ಲಕ್ಷಣವಾಗಿರಬಹುದು. ಅಂಥ ಚಪ್ಪಲಿಯನ್ನು ಪಳಗಿಸಲು ಹೋಗದೆ ಚರ್ಮವೈದ್ಯರನ್ನು ಕಾಣತಕ್ಕದ್ದು.

ಕೊಳ್ಳುವಾಗಲೇ ಅರ್ಧ ಕೆಲಸ

ಅಳತೆ ತಪ್ಪಿದ ಚಪ್ಪಲಿಯನ್ನು ಯಾವ ಉಪಾಯವೂ ಸರಿಪಡಿಸದು. ತೊಗಲು ಅಗಲದಲ್ಲಿ ಸ್ವಲ್ಪ ಹಿಗ್ಗುತ್ತದೆ, ಉದ್ದದಲ್ಲಿ ಹಿಗ್ಗುವುದಿಲ್ಲ. ಆದುದರಿಂದ "ಹಾಕುತ್ತಾ ಹಾಕುತ್ತಾ ಸರಿಹೋಗುತ್ತದೆ" ಎಂಬ ಅಂಗಡಿಯವನ ಮಾತು ಪಟ್ಟಿಗೆ ಅನ್ವಯಿಸಬಹುದು, ಅಟ್ಟೆಯ ಉದ್ದಕ್ಕೆ ಅನ್ವಯಿಸದು.

ಪಾದಗಳು ಬೆಳಿಗ್ಗೆಗಿಂತ ಸಂಜೆ ತುಸು ಊದಿರುತ್ತವೆ. ಆದುದರಿಂದ ಚಪ್ಪಲಿ ಕೊಳ್ಳಲು ಸಂಜೆಯೇ ಸೂಕ್ತ. ಕುಳಿತು ನೋಡಿದರೆ ಸಾಲದು. ನಿಂತು, ನಾಲ್ಕು ಹೆಜ್ಜೆ ನಡೆದು ನೋಡಬೇಕು. ಅನೇಕರ ಎರಡು ಪಾದಗಳು ಒಂದೇ ಅಳತೆಯವಲ್ಲ. ದೊಡ್ಡ ಪಾದಕ್ಕೆ ಹೊಂದುವ ಜೋಡಿಯನ್ನು ಆರಿಸಬೇಕು. ಹಿಮ್ಮಡಿ ಅಟ್ಟೆಯಿಂದ ಹೊರಚಾಚಬಾರದು. ಹೆಬ್ಬೆರಳನ್ನು ತೂರಿಸುವ ತೊಗಲ ಬಳೆ ಬೆರಳನ್ನು ಹಿಡಿದಿರಬೇಕು, ಹಿಂಡಬಾರದು. ಹೆಬ್ಬೆರಳ ಬುಡದ ಉಬ್ಬಿದ ಎಲುಬಿನ ಮೇಲೆ, ಕಿರುಬೆರಳ ಪಕ್ಕದಲ್ಲಿ ಹೊಲಿಗೆಯ ಗಂಟು ಬರುವಂತಿದ್ದರೆ ಆ ಚಪ್ಪಲಿ ಎಷ್ಟೇ ಚೆಂದವಿದ್ದರೂ ಬಿಟ್ಟುಬಿಡುವುದು ಲೇಸು. ದೆಹಲಿಯಲ್ಲಿ ಹೆಚ್ಚಾಗಿ ಸಿಗುವ ಪಂಜಾಬಿ ಜುತ್ತಿಗಳಲ್ಲಿ ಸಾಂಪ್ರದಾಯಿಕವಾಗಿ ಎಡ ಬಲ ಎಂಬ ಭೇದವೇ ಇಲ್ಲ. ಧರಿಸುವವರ ಪಾದವೇ ಆ ಭೇದವನ್ನು ಉಂಟುಮಾಡಬೇಕು. ಅವುಗಳ ವಿಷಯದಲ್ಲಿ ತಾಳ್ಮೆ ಇನ್ನೂ ಹೆಚ್ಚು ಬೇಕು.

ಹೊಸ್ತಿಲಾಚೆಯ ಸಮಸ್ಯೆ

ಕನ್ನಡಿಗರ ಮನೆಗಳಿಗೆ ವಿಶೇಷವಾದ ಒಂದು ತೊಡಕನ್ನು ಇಲ್ಲಿ ಹೇಳಬೇಕು. ಹೊಸ ಪಾದರಕ್ಷೆಯನ್ನು ಮೊದಲು ಮನೆಯೊಳಗೆ ಧರಿಸಿ ಅಭ್ಯಾಸ ಮಾಡಬೇಕೆಂದು ತಿಳಿದವರು ಹೇಳುತ್ತಾರೆ. ಆದರೆ ಚಪ್ಪಲಿಯನ್ನು ಹೊಸ್ತಿಲಾಚೆ ಬಿಡುವ ಸಂಪ್ರದಾಯ ಕನ್ನಡಿಗರದು. ಹೀಗಾಗಿ ಕೊಂಡುತಂದ ಚಪ್ಪಲಿ ಪೆಟ್ಟಿಗೆಯಲ್ಲೇ ಉಳಿದು, ಸಮಾರಂಭದ ದಿನ ಬಾಗಿಲಲ್ಲಿ ಮೊದಲ ಬಾರಿಗೆ ಕಾಲು ಕಾಣುತ್ತದೆ. ಅದರ ಮೊದಲ ನಡಿಗೆಯೇ ಎರಡು ಕಿಲೋಮೀಟರಿನದಾಗುತ್ತದೆ. ಹೊಸ ಚಪ್ಪಲಿ ಕಚ್ಚುವುದಕ್ಕೆ ತೊಗಲಿಗಿಂತ ಈ ಪದ್ಧತಿಯೇ ಹೆಚ್ಚು ಹೊಣೆ.

ಇದಕ್ಕೆ ಪರಿಹಾರ ಕಷ್ಟವಲ್ಲ. ಬೀದಿಯನ್ನು ಇನ್ನೂ ತುಳಿಯದ ಚಪ್ಪಲಿಯಲ್ಲಿ ಬೀದಿಯ ಕೊಳೆಯಿರುವುದಿಲ್ಲ. ಅದನ್ನು ಮನೆಯೊಳಗೆ ಮೆಟ್ಟಲು ಮನಸ್ಸೊಪ್ಪದವರು ಬಾಲ್ಕನಿ, ತಾರಸಿ, ವಸತಿ ಸಮುಚ್ಚಯದ ಒಳದಾರಿ ಇವುಗಳಲ್ಲಿ ಯಾವುದನ್ನಾದರೂ ಬಳಸಿಕೊಳ್ಳಬಹುದು. ಸಮಾರಂಭಕ್ಕೆ ಎರಡು ಮೂರು ವಾರ ಮುಂಚಿತವಾಗಿ ಚಪ್ಪಲಿ ಕೊಳ್ಳುವುದು ಮಾತ್ರ ಅಗತ್ಯ.

ಪಳಗಿಸುವ ಕ್ರಮ

೧. ಮೊದಲು ಚಪ್ಪಲಿಯ ಒಳಭಾಗವನ್ನೆಲ್ಲ ಬೆರಳಿನಿಂದ ಸವರಿ ನೋಡಬೇಕು. ಕಾಲಿಗೆ ಚುಚ್ಚಬಹುದಾದ ಹೊಲಿಗೆ, ಅಂಟಿನ ಗಟ್ಟಿ, ಚೂಪಾದ ಅಂಚು ಬೆರಳಿಗೆ ಮೊದಲೇ ಸಿಕ್ಕಿಬಿಡುತ್ತವೆ.

೨. ಪಟ್ಟಿಗಳನ್ನು ಎರಡೂ ಕೈಗಳಿಂದ ಹಿಡಿದು ಮೆಲ್ಲಗೆ ಹಿಂದೆಮುಂದೆ ಬಾಗಿಸಬೇಕು. ದಿನಕ್ಕೆ ಐದು ನಿಮಿಷ ಹೀಗೆ ಮಾಡಿದರೆ ಗಡಸುತನ ಕಡಿಮೆಯಾಗುತ್ತದೆ. ಬಲಪ್ರಯೋಗದಿಂದ ಹೊಲಿಗೆ ಬಿಚ್ಚೀತು.

೩. ತೊಗಟೆಯಿಂದ ಹದಮಾಡಿದ ಸಾದಾ ತೊಗಲಿಗೆ, ಪಟ್ಟಿಯ ಒಳಮೈಗೆ ಮತ್ತು ಅಂಚುಗಳಿಗೆ, ಬಟ್ಟೆಯಲ್ಲಿ ಅದ್ದಿದ ಹರಳೆಣ್ಣೆಯನ್ನು ತೆಳುವಾಗಿ ಸವರಿ ರಾತ್ರಿಯೆಲ್ಲ ಬಿಡಬೇಕು, ಬೆಳಿಗ್ಗೆ ಒರೆಸಬೇಕು. ಎರಡು ಮೂರು ದಿನ ಬಿಟ್ಟು ಇನ್ನೊಮ್ಮೆ ಮಾಡಬಹುದು. ಕೊಬ್ಬರಿ ಎಣ್ಣೆಯೂ ಆಗಬಹುದು, ಆದರೆ ದೆಹಲಿಯ ಚಳಿಯಲ್ಲಿ ಅದು ಹೆಪ್ಪುಗಟ್ಟುವುದರಿಂದ ತೊಗಲೊಳಗೆ ಇಳಿಯದು. ಎಣ್ಣೆ ಹೆಚ್ಚಾದರೆ ತೊಗಲು ಸಡಿಲಗೊಂಡು ಅಂಟು ಬಿಡುತ್ತದೆ, ಬಣ್ಣ ಕಪ್ಪಾಗುತ್ತದೆ. ಹೊಳಪಿನ ಲೇಪವಿರುವ ತೊಗಲಿಗೂ, ಮಖಮಲ್ಲಿನಂತಹ ನಯವಿರುವ ತೊಗಲಿಗೂ ಎಣ್ಣೆ ಹಚ್ಚಲೇಬಾರದು. ದುಬಾರಿ ಚಪ್ಪಲಿಗಾದರೆ ಮೊದಲು ಕಾಣದ ಮೂಲೆಯಲ್ಲಿ ಒಂದು ಹನಿ ಹಚ್ಚಿ ನೋಡುವುದು ಜಾಣತನ.

೪. ಮೊದಲ ಎರಡು ದಿನ ಹದಿನೈದು ಇಪ್ಪತ್ತು ನಿಮಿಷ, ಮೂರು ನಾಲ್ಕನೆಯ ದಿನ ಅರ್ಧ ಗಂಟೆ, ವಾರದ ಕೊನೆಗೆ ಒಂದು ಗಂಟೆ ಮೆಟ್ಟಬೇಕು. ಎರಡನೆಯ ವಾರದಲ್ಲಿ ಹತ್ತಿರದ ತರಕಾರಿ ಅಂಗಡಿಯವರೆಗೆ ಹೋಗಿಬರಬಹುದು. ಚೀಲದಲ್ಲಿ ಹಳೆಯ ಚಪ್ಪಲಿ ಇರಲಿ. ಪ್ರತಿಸಲವೂ ಕಳಚಿದ ಮೇಲೆ ಪಾದವನ್ನು ನೋಡಬೇಕು. ಎಲ್ಲಿ ಕೆಂಪಾಗಿದೆಯೋ ಅಲ್ಲಿ ಪೂರ್ಣವಾಗಿ ಮಾಯುವ ತನಕ ಮತ್ತೆ ಧರಿಸಬಾರದು.

೫. ಒತ್ತುವ ಜಾಗಗಳಿಗೆ ಮೊದಲೇ ವ್ಯಾಸಲಿನ್ ಸವರಿದರೆ ಜಾರಿಕೆ ಹೆಚ್ಚಿ ಜಗ್ಗಾಟ ಕಡಿಮೆಯಾಗುತ್ತದೆ. ಹೊರಗೆ ಹೋಗುವಾಗ ಅಂಟುಪಟ್ಟಿಯನ್ನು ಚರ್ಮಕ್ಕೆ ಸುಕ್ಕಿಲ್ಲದಂತೆ ಅಂಟಿಸಿಕೊಳ್ಳಬಹುದು. ಗುಳ್ಳೆ ಎದ್ದ ಮೇಲೆ ಅಂಟಿಸುವ ಪಟ್ಟಿಗಿಂತ ಮೊದಲೇ ಅಂಟಿಸಿದ ಪಟ್ಟಿ ಉತ್ತಮ.

೬. ಒಂದೇ ಜಾಗ ಬಿಡದೆ ಒತ್ತುತ್ತಿದ್ದರೆ ಮೂಲೆಯ ಮೋಚಿಯ ಸಹಾಯ ಪಡೆಯುವುದೇ ಸರಿ. ಅವನು ಮರದ ಅಚ್ಚಿನಿಂದ ಪಟ್ಟಿಯನ್ನು ಹಿಗ್ಗಿಸಬಲ್ಲ, ಅಂಚನ್ನು ತಟ್ಟಿ ಮೆದುಗೊಳಿಸಬಲ್ಲ. ಚಪ್ಪಲಿಯನ್ನು ನೀರಿನಲ್ಲಿ ನೆನೆಸುವುದು, ಬಿಸಿಗಾಳಿ ಹಿಡಿಯುವುದು, ಬಿಸಿಲಿಗೆ ಇಡುವುದು ಇವೆಲ್ಲ ತೊಗಲನ್ನು ಒಡೆಯಿಸುವ ಹಾದಿಗಳು.

ದೆಹಲಿಯ ಋತುಗಳು

ಬೆಂಗಳೂರಿನ ಹದವಾದ ಹವೆಗೆ ಒಗ್ಗಿದ ಚಪ್ಪಲಿಯೂ ಕಾಲೂ ದೆಹಲಿಗೆ ಬಂದ ಮೇಲೆ ಹೊಸ ಪಾಠ ಕಲಿಯಬೇಕಾಗುತ್ತದೆ. ಮೇ, ಜೂನ್ ತಿಂಗಳ ಬಿಸಿಗಾಳಿಯಲ್ಲಿ ತೊಗಲು ಒಣಗಿ ಬಿರುಸಾಗುತ್ತದೆ, ಪಾದ ಊದುತ್ತದೆ. ಜನವರಿಯ ಚಳಿಯಲ್ಲಿ ಸರಿಯಾಗಿದ್ದ ಚಪ್ಪಲಿ ಮೇ ತಿಂಗಳ ಸಂಜೆ ಬಿಗಿಯಾಗುವುದು ಇದರಿಂದಲೇ. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಹೊಸ ತೊಗಲ ಚಪ್ಪಲಿಯನ್ನು ಹೊರತೆಗೆಯದಿರುವುದೇ ವಾಸಿ. ಅಕಸ್ಮಾತ್ ನೆನೆದರೆ ಹಳೆಯ ವೃತ್ತಪತ್ರಿಕೆಯಿಂದ ನೀರನ್ನು ಒತ್ತಿ ತೆಗೆದು, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಚಳಿಗಾಲದಲ್ಲಿ ಹೀಟರಿನ ಮುಂದೆ ಇಡಬಾರದು. ಆ ಕಾಲದಲ್ಲಿ ಹಿಮ್ಮಡಿ ಒಡೆಯುವುದು ಸಾಮಾನ್ಯ. ಒಡೆದ ಹಿಮ್ಮಡಿಯ ಬಿರುಕಿಗೆ ಹೊಸ ಪಟ್ಟಿಯ ಅಂಚು ತಗಲಿದರೆ ಗಾಯ ಬೇಗ ಆಳವಾಗುತ್ತದೆ. ರಾತ್ರಿ ಮಲಗುವ ಮುನ್ನ ಪಾದ ತೊಳೆದು, ಒರೆಸಿ, ಎಣ್ಣೆ ಅಥವಾ ವ್ಯಾಸಲಿನ್ ಹಚ್ಚುವ ಪದ್ಧತಿಯನ್ನು ಅಕ್ಟೋಬರಿನಲ್ಲೇ ಆರಂಭಿಸುವುದು ಮೇಲು.

ಗುಳ್ಳೆ ಎದ್ದಾಗ

ಗುಳ್ಳೆಯ ಮೇಲ್ಚರ್ಮವೇ ಅದಕ್ಕೆ ಅತ್ಯುತ್ತಮ ಬಟ್ಟೆ. ಅದನ್ನು ಕಿತ್ತು ತೆಗೆಯಬಾರದು. ಚಿಕ್ಕ ಗುಳ್ಳೆಯನ್ನು ಸೋಪು ನೀರಿನಿಂದ ತೊಳೆದು, ಶುಭ್ರವಾದ ಪಟ್ಟಿ ಹಾಕಿ, ಒತ್ತಡ ಬೀಳದಂತೆ ನೋಡಿಕೊಂಡರೆ ಒಳಗಿನ ನೀರು ತಾನೇ ಇಂಗುತ್ತದೆ. ಗುಳ್ಳೆ ದೊಡ್ಡದಾಗಿ ನಡೆಯಲಾಗದಷ್ಟು ನೋಯುತ್ತಿದ್ದರೆ, ಆರೋಗ್ಯವಂತರು ಕೈ ತೊಳೆದು, ಸ್ಪಿರಿಟ್ಟಿನಿಂದ ಶುಚಿಗೊಳಿಸಿದ ಸೂಜಿಯಿಂದ ಅಂಚಿನಲ್ಲಿ ಒಂದೆರಡು ಕಡೆ ಚುಚ್ಚಿ ನೀರನ್ನು ಹೊರಬಿಡಬಹುದು. ಮೇಲ್ಚರ್ಮ ಮಾತ್ರ ಹಾಗೆಯೇ ಇರಬೇಕು. ಮಧುಮೇಹಿಗಳು ಇದನ್ನು ಸ್ವತಃ ಮಾಡತಕ್ಕದ್ದಲ್ಲ.

ಒಡೆದ ಗುಳ್ಳೆಗೆ ಕಾಫಿಪುಡಿ, ಸುಣ್ಣ, ಟೂತ್‌ಪೇಸ್ಟ್ ಹಚ್ಚುವವರುಂಟು. ಇವುಗಳಿಂದ ಗಾಯಕ್ಕೆ ಉರಿ ಮತ್ತು ಕೊಳೆ ಸೇರುವುದೇ ಹೊರತು ಉಪಕಾರವಿಲ್ಲ. ಸುತ್ತಲೂ ಕೆಂಪು ಹರಡಿದರೆ, ಕೀವು ಕಂಡರೆ, ಕಾಲಿನ ಮೇಲ್ಮುಖವಾಗಿ ಕೆಂಪು ಗೆರೆ ಏರಿದರೆ, ಜ್ವರ ಬಂದರೆ ವೈದ್ಯರನ್ನು ಕಾಣಲು ತಡಮಾಡಬಾರದು. ಧನುರ್ವಾಯುವಿನ ಚುಚ್ಚುಮದ್ದು ಯಾವಾಗ ಆಗಿತ್ತೆಂಬುದನ್ನೂ ಅವರಿಗೆ ತಿಳಿಸಬೇಕು.

ನೋವಿಲ್ಲದ ಕಾಲು

ಇಲ್ಲಿಯವರೆಗೆ ಹೇಳಿದ್ದೆಲ್ಲ ನೋವನ್ನು ಬಲ್ಲ ಕಾಲಿಗೆ. ನೋವನ್ನು ಅರಿಯದ ಕಾಲುಗಳೂ ಇವೆ. ಬಹಳ ವರ್ಷಗಳ ಮಧುಮೇಹದಿಂದ ಪಾದದ ನರಗಳು ಕ್ಷೀಣಿಸಿ, ಸ್ಪರ್ಶ, ಬಿಸಿ, ನೋವು ಯಾವುದೂ ತಿಳಿಯದ ಸ್ಥಿತಿ ಉಂಟಾಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು ಹತ್ತು ಕೋಟಿ ಹತ್ತು ಲಕ್ಷ ಮಂದಿ ಮಧುಮೇಹಿಗಳಿದ್ದಾರೆ. ಹಳ್ಳಿಗಳಿಗಿಂತ ನಗರಗಳಲ್ಲಿ ಪ್ರಮಾಣ ಹೆಚ್ಚು.

ನೋವಿನ ಬೆಲೆಯನ್ನು ಲೋಕಕ್ಕೆ ತಿಳಿಸಿಕೊಟ್ಟವರಲ್ಲಿ ಡಾ. ಪಾಲ್ ಬ್ರಾಂಡ್ ಪ್ರಮುಖರು. ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಈ ಶಸ್ತ್ರವೈದ್ಯರು ಕುಷ್ಠರೋಗಿಗಳ ಕೈಕಾಲುಗಳನ್ನು ವರ್ಷಗಟ್ಟಲೆ ಪರಿಶೀಲಿಸಿದರು. ಆ ರೋಗಿಗಳ ಬೆರಳುಗಳು ರೋಗದಿಂದ ತಾವಾಗಿಯೇ ಉದುರುತ್ತವೆಂಬುದು ಆಗಿನ ನಂಬಿಕೆ. ಅದು ಹಾಗಲ್ಲ, ನೋವು ತಿಳಿಯದ ಕಾರಣ ಸಣ್ಣ ಗಾಯಗಳನ್ನು ಲಕ್ಷಿಸದೆ ನಡೆದದ್ದರಿಂದಲೇ ಪಾದಗಳು ಹಾಳಾಗುತ್ತವೆ ಎಂಬುದನ್ನು ಅವರು ಕಂಡುಕೊಂಡರು. ವೆಲ್ಲೂರಿನ ಬಳಿಯ ಕರಿಗಿರಿಯಲ್ಲಿ ಅಂಥ ಪಾದಗಳಿಗೆಂದು ಸೂಕ್ಷ್ಮರಂಧ್ರಗಳ ಮೆತ್ತನೆಯ ರಬ್ಬರಿನ ಪಾದರಕ್ಷೆಗಳು ತಯಾರಾದವು. ಎಂ.ಸಿ.ಆರ್. ಚಪ್ಪಲಿ ಎಂದು ಹೆಸರಾದ ಅವು ಇಂದು ಮಧುಮೇಹಿಗಳಿಗೂ ಉಪಯುಕ್ತವಾಗಿವೆ.

ಒಂದು ಸನ್ನಿವೇಶವನ್ನು ಊಹಿಸಿಕೊಳ್ಳಬಹುದು. ಧಾರವಾಡದಿಂದ ತಂದೆ ಗುರುಗ್ರಾಮದ ಮಗನ ಮನೆಗೆ ಬರುತ್ತಾರೆ. ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ. ಅವರ ಸವೆದ ಚಪ್ಪಲಿಯನ್ನು ಕಂಡು ಮರುಗಿದ ಮಗ ಪ್ರೀತಿಯಿಂದ ಬೆಲೆಬಾಳುವ ತೊಗಲ ಚಪ್ಪಲಿ ತಂದುಕೊಡುತ್ತಾನೆ. ಮರುದಿನವೇ ತಂದೆ ಅದನ್ನು ಮೆಟ್ಟಿ ಕುತುಬ್ ಮಿನಾರ್, ಇಂಡಿಯಾ ಗೇಟ್ ಎಲ್ಲ ನೋಡಿಬರುತ್ತಾರೆ. "ಅಪ್ಪಾ, ಚಪ್ಪಲಿ ಕಚ್ಚಲಿಲ್ಲವೇನು?" ಎಂದು ಮಗ ಕೇಳುತ್ತಾನೆ. "ಒಂದಿಷ್ಟೂ ಇಲ್ಲಪಾ, ಭಾಳ ಛಲೋ ಅದಾವ" ಎಂದು ತಂದೆ ಹೇಳುತ್ತಾರೆ. ಎಲ್ಲರಿಗೂ ಸಂತೋಷ. ನಾಲ್ಕನೆಯ ದಿನ ಸೊಸೆ ನೆಲದ ಮೇಲೆ ಒದ್ದೆಯ ಗುರುತು ಕಾಣುತ್ತಾಳೆ. ಆ ಹೊತ್ತಿಗೆ ಕಿರುಬೆರಳ ಪಕ್ಕದ ಗುಳ್ಳೆ ಒಡೆದು ಹುಣ್ಣಾಗಿರುತ್ತದೆ.

ಇಂಥ ಹುಣ್ಣು ಮಾಯಲು ತಿಂಗಳುಗಳು ಹಿಡಿಯಬಹುದು. ಸೋಂಕು ಎಲುಬಿಗಿಳಿದರೆ ಬೆರಳನ್ನೋ ಪಾದವನ್ನೋ ಕಳೆದುಕೊಳ್ಳಬೇಕಾಗಬಹುದು. ಚಪ್ಪಲಿ ಕಚ್ಚಲಿಲ್ಲವೆಂಬ ಮಾತೇ ಇಲ್ಲಿ ಅಪಾಯದ ಗಂಟೆ. ಆದುದರಿಂದ ಮಧುಮೇಹಿಗಳು ಮತ್ತು ಅವರ ಮನೆಯವರು ಈ ನಿಯಮಗಳನ್ನು ಪಾಲಿಸಬೇಕು:

ವರ್ಷಕ್ಕೊಮ್ಮೆಯಾದರೂ ವೈದ್ಯರಿಂದ ಪಾದದ ಪರೀಕ್ಷೆ ಮಾಡಿಸಬೇಕು. ನೈಲಾನಿನ ತೆಳುವಾದ ಎಳೆಯೊಂದನ್ನು ಅಂಗಾಲಿಗೆ ಮುಟ್ಟಿಸಿ ಸ್ಪರ್ಶಜ್ಞಾನ ಉಳಿದಿದೆಯೇ ಎಂದು ಅವರು ಕೆಲವೇ ನಿಮಿಷಗಳಲ್ಲಿ ಹೇಳಬಲ್ಲರು. ಸ್ಪರ್ಶಜ್ಞಾನ ಕುಂದಿದವರಿಗೆ ಬೆರಳ ಸಂದಿಯಲ್ಲಿ ತೂರಿಸುವ ಚಪ್ಪಲಿ, ಹೆಬ್ಬೆರಳಿಗೆ ಬಳೆಯಿರುವ ಚಪ್ಪಲಿ ತಕ್ಕವಲ್ಲ; ಮುಂಭಾಗ ಅಗಲವಾಗಿದ್ದು, ಹಿಂದೆ ಪಟ್ಟಿಯಿದ್ದು, ಅಟ್ಟೆ ಮೆತ್ತಗಿರುವ ಪಾದರಕ್ಷೆ ಬೇಕು. ಹೊಸದನ್ನು ಮೊದಲ ದಿನಗಳಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಧರಿಸದೆ, ಕಳಚಿದ ಕೂಡಲೇ ಪಾದವನ್ನು ಕಣ್ಣಿನಿಂದ ನೋಡಬೇಕು; ಅಂಗಾಲಿಗೆ ಕನ್ನಡಿ ಹಿಡಿಯಬೇಕು. ಕಣ್ಣು ಮಂಜಾದವರಿಗೆ ಮನೆಯವರು ನೋಡಬೇಕು.

ಕಳಚಿದ ಅರ್ಧ ಗಂಟೆಯ ಬಳಿಕವೂ ಕೆಂಪು ಉಳಿದಿದ್ದರೆ ಆ ಚಪ್ಪಲಿ ಆ ಕಾಲಿಗಲ್ಲ. ಮೆಟ್ಟುವ ಮುನ್ನ ಪ್ರತಿಸಲವೂ ಒಳಗೆ ಕೈಯಾಡಿಸಿ ನೋಡಬೇಕು. ಗುಳ್ಳೆ ಎಷ್ಟು ಚಿಕ್ಕದಾದರೂ ಅದೇ ದಿನ ವೈದ್ಯರಿಗೆ ತೋರಿಸಬೇಕು. ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಆಣಿ ಕರಗಿಸುವ ಪಟ್ಟಿಗಳನ್ನು ತಾವೇ ತಂದು ಅಂಟಿಸುವುದು ಸಲ್ಲದು.

ಊರಿನಿಂದ ಬರುವ ತಂದೆತಾಯಿಗೆ ಹೊಸ ಚಪ್ಪಲಿ ಕೊಡಿಸುವುದು ಮಕ್ಕಳಿಗೆ ಸಂತೋಷದ ಕರ್ತವ್ಯ. ಅದರೊಡನೆ ಮೊದಲ ವಾರದಲ್ಲಿ ದಿನವೂ ಸಂಜೆ ಅವರ ಪಾದವನ್ನು ತೊಡೆಯ ಮೇಲಿಟ್ಟುಕೊಂಡು ಬೆಳಕಿನಲ್ಲಿ ನೋಡುವುದನ್ನೂ ಸೇರಿಸಿದರೆ ಆ ಕಾಣಿಕೆ ಪೂರ್ಣವಾಗುತ್ತದೆ. ಹಸಿಚರ್ಮವನ್ನು ತೊಗಟೆಯ ನೀರಿನಲ್ಲಿ ಹದಗೊಳಿಸಲು ವಾರಗಟ್ಟಲೆ ಕಾಲ ಬೇಕು. ಅದನ್ನು ಕತ್ತರಿಸಿ, ಹೆಣೆದು, ಹೊಲಿಯಲು ಇನ್ನಷ್ಟು ದಿನಗಳು. ಅಷ್ಟು ತಾಳ್ಮೆಯಿಂದ ತಯಾರಾದ ವಸ್ತುವಿಗೆ ಮೆಟ್ಟುವವರು ಎರಡು ವಾರಗಳ ತಾಳ್ಮೆಯನ್ನು ಸೇರಿಸಿದರೆ, ಮುಂದಿನ ರಾಜ್ಯೋತ್ಸವದ ಸಂಜೆ ಚಪ್ಪಲಿಗಳು ಸಭಾಂಗಣದಿಂದ ಮರಳುವಾಗಲೂ ಕಾಲಲ್ಲೇ ಇರುತ್ತವೆ.